ತೆಗೆದೆ ಅಂದರೆ ತೆಗೆದೆ

ಹಲ್ಲಮ್ಮ ಎಂದು ಅವಳಿಗೆ ಹೆಸರಿಟ್ಟವನು ಗಂಡ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಚೆನ್ನಾಗಿಯೂ ಇದೆ. ಆದರೆ ಈ ಪರದೇಶದಲ್ಲಿ ಅದನ್ನು ನೆಟ್ಟಗೆ ಹೇಳುವ ನಾಲಿಗೆ ಒಂದೂ ಸಿಕ್ಕಲಿಲ್ಲ. ಲ್ಯಾಬಿನವರು ಅರ್ಧಕ್ಕೇ ಕತ್ತರಿಸಿ ಕರೆಯುತ್ತಾರೆ; ಮಗಳ ಶಾಲೆಯವರಿಗೆ ಅವಳು ಬರೀ ‘ಮಗುವಿನ ತಾಯಿ’. ಹಾಗಾಗಿ ಮನೆಯಲ್ಲಿ ಗಂಡ ಕೂಗುವ ಹಲ್ಲಮ್ಮನೇ ಗಟ್ಟಿಯಾಗಿ ನಿಂತಿತು.

ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿಕೊಂಡು ಕಟ್ಟುಹಲ್ಲು ಮಾಡುವುದು. ಉದ್ದನೆಯ ಮೇಜು, ಕತ್ತು ಬಗ್ಗಿಸಿದ ದೀಪ, ಮೂಗಿಗೊಂದು ಮಾಸ್ಕು. ಎದುರಿಗೆ ಯಾರದೋ ಬಾಯಿಯ ಅಚ್ಚು ‘ಆ’ ಎಂದು ಕೂತಿರುತ್ತದೆ. ಬಿಳಿ ಪುಡಿಯನ್ನು ಹನಿ ನೀರಿನಲ್ಲಿ ಕಲಸಿ, ಸಣ್ಣ ಕುಂಚದಲ್ಲಿ ಪದರದ ಮೇಲೆ ಪದರ ಹಚ್ಚಿ, ಪುಟ್ಟ ಕುಲುಮೆಯಲ್ಲಿ ಸುಟ್ಟು, ಉಜ್ಜಿ, ಮತ್ತೆ ಹಚ್ಚಬೇಕು. ಬಿಳಿ ಎಂಬುದು ಒಂದೇ ಬಣ್ಣವಲ್ಲ ಎಂದು ಅವಳಿಗೆ ಗೊತ್ತಾದದ್ದು ಆ ಮೇಜಿನಲ್ಲಿ. ಬುಡದಲ್ಲಿ ಚೂರು ಹಳದಿ, ನಡುವೆ ಹಾಲು, ತುದಿಗೆ ಬಂದರೆ ನೀಲಿಯ ಒಂದು ಗುಮಾನಿ. ಇದನ್ನೇ ನೋಡಿ ನೋಡಿ ಅವಳ ಕಣ್ಣು ಎಷ್ಟು ಕೆಟ್ಟಿತ್ತೆಂದರೆ, ಯಾರಾದರೂ ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುವ ಮೊದಲೇ ಮುಂದಿನ ಹಲ್ಲು ಸ್ವಂತದ್ದೋ ಕಟ್ಟಿಸಿದ್ದೋ ಎಂದು ನೋಡಿಬಿಡುತ್ತಿದ್ದಳು.

ಕ್ಯಾಮೆರಾ ಬಂದದ್ದೂ ಆ ಮೇಜಿನಿಂದಲೇ. ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸು ಕೆಲಸ ಬಿಟ್ಟು ಹೋಗುವಾಗ, “ಬೀರುವಿನಲ್ಲಿ ಸುಮ್ನೆ ಬಿದ್ದಿದೆ, ಮಗಳ ಫೋಟೋ ತೆಗಿ” ಎಂದು ಕೊಟ್ಟುಹೋಗಿದ್ದಳು. ಹಲ್ಲಮ್ಮ ಕೆಲವು ತಿಂಗಳು ಮಗಳನ್ನೇ ಹಿಡಿಯಲು ನೋಡಿದಳು. ಮಗಳ ಅಡ್ಡಹೆಸರು ಪಿಟಿಪಿಟಿ. ಬಾಯಿ ಹೇಗೋ ಕಾಲೂ ಹಾಗೆಯೇ, ಒಂದು ಗಳಿಗೆ ನಿಲ್ಲುವ ಜಾತಿಯಲ್ಲ. ತೆಗೆದ ಫೋಟೋಗಳಲ್ಲೆಲ್ಲ ಮಗು ಒಂದು ಬಣ್ಣದ ಗೀಟು, ಹಿಂದಿನ ಗುಡ್ಡ ಮಾತ್ರ ಅಚ್ಚುಕಟ್ಟು. ಗುಡ್ಡವಾದರೆ ಹೇಳಿದ ಕಡೆ ನಿಲ್ಲುತ್ತದೆ ಎಂದುಕೊಂಡು ಅವಳು ಕ್ಯಾಮೆರಾವನ್ನು ಆ ಕಡೆ ತಿರುಗಿಸಿದಳು. ಗುಡ್ಡ ನಿಲ್ಲುತ್ತದೆ, ನಿಜ. ಅದರ ಮೇಲಿನ ಬೆಳಕು ಪಿಟಿಪಿಟಿಗಿಂತ ಕಡೆ ಎಂದು ಆಗ ಗೊತ್ತಿರಲಿಲ್ಲ.

ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಟೈಲ್ಸ್ ಗೋದಾಮಿನ ಹಿಂಬದಿಯ ಬೇಲಿ ದಾಟಿದರೆ ಒಂದು ಹಳೆಯ ಕಲ್ಲುಗಣಿ. ಕೆಲಸ ನಿಂತು ಎಷ್ಟೋ ಕಾಲವಾಗಿ ಗುಂಡಿಯಲ್ಲಿ ನೀರು ತುಂಬಿದೆ. ಆಚೆ ದಡದಲ್ಲಿ ಕತ್ತರಿಸಿಟ್ಟ ಹಾಗೆ ಬಂಡೆಯ ಗೋಡೆ, ಅದರ ಮೇಲೆ ಬೋಳು ಗುಡ್ಡ. ನೋಡುವುದಕ್ಕೆ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಆ ಊರಿನಲ್ಲಿ ಅವಳು ತಾನೇ ಹುಡುಕಿಕೊಂಡ ಜಾಗ ಅದೊಂದೇ. ಮನೆ ಕಂಪನಿ ಕೊಟ್ಟದ್ದು, ಶಾಲೆ ಮನೆ ನೋಡಿ ಸಿಕ್ಕದ್ದು, ಲ್ಯಾಬು ಗಂಡನ ಪರಿಚಯದವರು ತೋರಿಸಿದ್ದು. ಗಣಿಯನ್ನು ಯಾರೂ ತೋರಿಸಿರಲಿಲ್ಲ.

ಮೊದಮೊದಲ ಫೋಟೋಗಳನ್ನು ನೋಡಿ ಗಂಡ ಬಿದ್ದು ಬಿದ್ದು ನಕ್ಕಿದ್ದ. ಅವನು ಲಿಫ್ಟ್ ರಿಪೇರಿಯವನು. ಎಲ್ಲೇ ಆಗಲಿ ಗೆರೆ ಸೊಟ್ಟ ಇದ್ದರೆ ಮೈ ಪರಚಿಕೊಳ್ಳುವ ಆಸಾಮಿ.

“ಏನೇ ಇದು, ನೀರೆಲ್ಲ ಎಡಗಡೆ ಚೆಲ್ಲಿ ಹೋಗ್ತಾ ಇದೆ? ಒಂದು ಬಕೆಟ್ ಹಿಡೀಲಾ?”

“ಕಲೀತಾ ಇದೀನಿ ರೀ.”

“ಕಲಿ, ಕಲಿ. ಊರು ಮುಳುಗೋಕೆ ಮುಂಚೆ ಕಲಿ.”

ಮಾರನೆಯ ದಿನ ತನ್ನ ಚೀಲದಿಂದ ಬೆರಳುದ್ದದ ಒಂದು ರಸಮಟ್ಟ ತಂದು ಅವಳ ಕ್ಯಾಮೆರಾದ ಮುಕ್ಕಾಲಿಯ ತಲೆಗೆ ಟೇಪು ಸುತ್ತಿ ಕೂರಿಸಿಕೊಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ಬಂದು ನಿಂತರೆ ಸಮ. ಅವನ ಪ್ರೀತಿ ಇಂಥದ್ದು, ಬಾಯಲ್ಲಿ ಲೇವಡಿ, ಕೈಯಲ್ಲಿ ರಸಮಟ್ಟ. ಅಂದಿನಿಂದ ನೀರು ಚೆಲ್ಲಲಿಲ್ಲ.

ಊರಲ್ಲಿರುವ ಅಕ್ಕನಿಗೆ ಮಾತ್ರ ಸಮವಾದರೂ ಅಷ್ಟೇ, ಸೊಟ್ಟವಾದರೂ ಅಷ್ಟೇ. ಹಲ್ಲಮ್ಮ ಕಳಿಸಿದ ಪ್ರತಿ ಫೋಟೋಕ್ಕೂ ಫೋನು ಬರುತ್ತಿತ್ತು.

“ಯಾರೂ ಇಲ್ವಲ್ಲೇ ಇದರಲ್ಲಿ!”

“ಅಕ್ಕ, ಇದು ಗುಡ್ಡದ ಫೋಟೋ.”

“ಗುಡ್ಡ ಕಾಣ್ತಾ ಇದೆ, ನನಗೇನು ಕಣ್ಣಿಲ್ವಾ? ನೀನೆಲ್ಲಿ? ಪಾಪು ಎಲ್ಲಿ? ಅಷ್ಟು ದೂರ ಹೋಗಿ ಯಾರೂ ಇಲ್ಲದ ಕಡೆ ಫೋಟೋ ತೆಗೆದು ಕಳಿಸ್ತೀಯಲ್ಲ, ನೋಡಿದರೆ ನನಗೆ ಭಯ ಆಗುತ್ತೆ ಕಣೇ. ಮುಂದಿನ ಸಲ ಗುಡ್ಡದ ಮುಂದೆ ನೀನು ನಿಂತ್ಕೋ.”

ಊರಿನ ಲೈಬ್ರರಿಯಲ್ಲಿ ಒಂದು ಫೋಟೋ ಕ್ಲಬ್ಬಿತ್ತು. ಅದನ್ನು ನಡೆಸುತ್ತಿದ್ದವರು ನಿವೃತ್ತರಾದ ಒಬ್ಬ ಟ್ರಾಮ್ ಡ್ರೈವರು. ಸದಾ ಉಣ್ಣೆ ಟೋಪಿ, ಕೊರಳಲ್ಲಿ ಭೂತಗನ್ನಡಿ. ಯಾರ ಫೋಟೋ ನೋಡಿದರೂ ಅವರದು ಒಂದೇ ರಾಗ. “ಚೆನ್ನಾಗಿದೆ” ಎಂದು ಉಸಿರೆಳೆದುಕೊಂಡು “ಆದರೆ...” ಎನ್ನುವರು. ಅವರ ಭಾಷೆಯಲ್ಲಿ ಆ ‘ಆದರೆ’ ಇನ್ನೂ ಉದ್ದ. ಗಂಡ ಅವರಿಗೆ ಆದರಜ್ಜ ಎಂದು ನಾಮಕರಣ ಮಾಡಿದ.

ವರ್ಷಕ್ಕೊಮ್ಮೆ ಲೈಬ್ರರಿಯ ಗೋಡೆಯ ಮೇಲೆ ಸದಸ್ಯರ ಫೋಟೋ ಹಾಕುತ್ತಾರೆ, ಒಬ್ಬರದು ಒಂದೇ. ಕಳೆದ ವರ್ಷ ಹಲ್ಲಮ್ಮ ಗಣಿಯ ಫೋಟೋ ಕೊಟ್ಟಿದ್ದಳು. ಆದರಜ್ಜ ಭೂತಗನ್ನಡಿಯನ್ನು ಹಿಂದೆ ಮುಂದೆ ಆಡಿಸಿ, “ಚೆನ್ನಾಗಿದೆ. ಆದರೆ ಈ ಕಂಬ?” ಎಂದರು.

ಕಂಬ! ಗುಡ್ಡದ ನೆತ್ತಿಯಲ್ಲಿ ನಟ್ಟ ನಡುವೆ ಒಂದು ಹೈಟೆನ್ಷನ್ ಕಂಬ ಕಾಲಗಲಿಸಿ ನಿಂತಿದೆ. ಎಡಕ್ಕೂ ಬಲಕ್ಕೂ ತಂತಿ. ಎಲ್ಲಿ ನಿಂತರೂ ಅದು ಫೋಟೋದೊಳಕ್ಕೆ ಬರುತ್ತದೆ, ಮದುವೆ ಗುಂಪಿನ ಫೋಟೋದಲ್ಲಿ ಕರೆಯದೇ ಬಂದು ನಿಲ್ಲುವ ಎತ್ತರದ ನೆಂಟನ ಹಾಗೆ.

“ಕಂಪ್ಯೂಟರಿನಲ್ಲಿ ಅಳಿಸಿಬಿಡಲೇ?” ಎಂದು ಕೇಳಿದಳು.

ಆದರಜ್ಜ ಮುಖ ಗಂಟಿಕ್ಕಿ ಗೋಡೆಯ ಮೇಲಿನ ನಿಯಮ ತೋರಿಸಿದರು. ಹಿಡಿದ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಏನನ್ನೂ ಅಳಿಸುವಂತಿಲ್ಲ. ಮನೆಗೆ ಬಂದು ಹೇಳಿದಾಗ ಗಂಡ ಅದನ್ನು ಕನ್ನಡಕ್ಕೆ ಇಳಿಸಿದ: “ಅಂದರೆ, ತೆಗೆದ ಮೇಲೆ ತೆಗೆಯೋ ಹಾಗಿಲ್ಲ.” ಅವನೇ ಹೇಳಿ ಅವನೇ ನಕ್ಕ. ಅವಳಿಗೆ ನಗು ಬರಲಿಲ್ಲ. ಆ ವರ್ಷದ ಗೋಡೆಯಲ್ಲಿ ಎಲ್ಲರದೂ ಇತ್ತು, ಅವಳದೊಂದು ಇರಲಿಲ್ಲ. ಮಗಳಿಗೆ ಪುಸ್ತಕ ತರಲು ಹೋದಾಗಲೆಲ್ಲ ಆ ಗೋಡೆಯ ಮುಂದೆ ಕಣ್ಣು ತಗ್ಗಿಸಿಕೊಂಡು ದಾಟಿದಳು. ಈ ವರ್ಷ ಗಣಿ ಆ ಗೋಡೆಗೆ ಏರಬೇಕು. ಅದೊಂದೇ ಅವಳ ಹಟ. ಯಾರದೋ ಬಾಯಿಗೆ ಹಲ್ಲಾಗುವ ಕೆಲಸದ ಕೆಳಗೆ ಹೆಸರು ಬರೆಯುವುದಿಲ್ಲ. ಗೋಡೆಯ ಮೇಲಿನ ಫೋಟೋದ ಕೆಳಗೆ ಬರೆಯುತ್ತಾರೆ, ಪೂರ್ತಿ ಹೆಸರು.

ಉಪಾಯ ಒಂದೇ ಇತ್ತು, ಮಂಜು. ಮಂಜು ಬಿದ್ದ ಬೆಳಗ್ಗೆ ಗುಡ್ಡದ ನೆತ್ತಿ ಮುಚ್ಚಿಹೋಗುತ್ತದೆ, ಕಂಬ ತಾನಾಗಿಯೇ ಇಲ್ಲವಾಗುತ್ತದೆ. ಆದರೆ ಪೂರ್ತಿ ಮುಚ್ಚಿದರೆ ಗುಡ್ಡವೂ ಇಲ್ಲ, ಬಂಡೆಯೂ ಇಲ್ಲ. ಹಾಲು ಚೆಲ್ಲಿದ ನೆಲದ ಫೋಟೋ ಆಗುತ್ತದೆ. ನೆತ್ತಿ ಮುಚ್ಚಬೇಕು, ಬಂಡೆ ಕಾಣಬೇಕು, ನೀರು ಕದಲಬಾರದು. ಮಂಜಿಗೆ ಇಷ್ಟೆಲ್ಲ ಷರತ್ತು ಹಾಕಿಕೊಂಡು ಅವಳು ಬೆಳಗಾಗೆದ್ದು ಕಿಟಕಿಯಲ್ಲಿ ನಿಲ್ಲುತ್ತಿದ್ದಳು.

ಮಂಜು ಬಿದ್ದ ದಿನವೇ ಗಂಡನ ಫೋನು ಕೂಗುತ್ತಿತ್ತು.

“ಯಾರೋ ಸಿಕ್ಕಿಹಾಕ್ಕೊಂಡಿದಾರಂತೆ ಕಣೇ. ಆಸ್ಪತ್ರೆ ಲಿಫ್ಟು.”

“ರೀ, ಇವತ್ತು ಮಂಜು! ಪಾಪೂನ ಯಾರು ನೋಡ್ಕೋತಾರೆ?”

“ಮಂಜು ನಾಳೆನೂ ಬೀಳುತ್ತೆ. ಅಲ್ಲಿ ಸಿಕ್ಕಿಹಾಕ್ಕೊಂಡೋರು ನಾಳೆವರೆಗೂ ನಿಂತಿರೋಕಾಗುತ್ತಾ?”

ಮಾತು ನ್ಯಾಯವಾದದ್ದೇ. ಅದೇ ಅವಳಿಗೆ ಸಿಟ್ಟು ತರಿಸುತ್ತಿದ್ದದ್ದು. ಅವನು ತಪ್ಪು ಮಾಡಿದ್ದರೆ ಎರಡು ಬೈದು ಹಗುರಾಗಬಹುದಿತ್ತು. ಸರಿಯಾದವನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಚೆಲ್ಲುವುದು? ಪಾತ್ರೆಗಳ ಮೇಲೆ ಚೆಲ್ಲುತ್ತಿದ್ದಳು. ಆ ಮನೆಯಲ್ಲಿ ಮಂಜಿನ ಬೆಳಗ್ಗೆ ಪಾತ್ರೆ ತೊಳೆದ ಸದ್ದು ಕೆಳಗಿನ ಮಹಡಿಗೂ ಕೇಳುತ್ತಿತ್ತು. ಇನ್ನು ಕೆಲವು ದಿನ ಗಂಡ ಮನೆಯಲ್ಲಿದ್ದು, ಮಂಜೂ ಇದ್ದು, ಅವಳು ಓಡಿಹೋಗಿ ಬಸ್ಸು ಹಿಡಿದು ಬೇಲಿ ದಾಟುವಷ್ಟರಲ್ಲಿ ಬಿಸಿಲು ಬಂದು ಹಲ್ಲು ಕಿರಿಯುತ್ತಿತ್ತು. ಕಂಬ ಸ್ನಾನ ಮಾಡಿ ನಿಂತವನಂತೆ ಲಕಲಕ ಹೊಳೆಯುತ್ತಿತ್ತು. ಆದರೂ ಒಂದೆರಡು ಹಿಡಿಯುವಳು, ಬಸ್ಸಿನಲ್ಲಿ ವಾಪಸು ಬರುತ್ತ ಒಂದೊಂದಾಗಿ ಅಳಿಸುವಳು.

ಕೊನೆಗೂ ಒಂದು ಬೆಳಗ್ಗೆ ಎಲ್ಲ ಕೂಡಿಬಂತು. ಅಂದು ಪಿಟಿಪಿಟಿಯ ಶಾಲೆಯಲ್ಲಿ ಮಕ್ಕಳ ನಾಟಕ. ಅದಕ್ಕೆಂದೇ ಗಂಡ ರಜೆ ಹಾಕಿದ್ದ. ಲ್ಯಾಬಿನ ಮೇಸ್ತ್ರಿಯೂ ಹಲ್ಲಮ್ಮನಿಗೆ ಬಿಡುವು ಕೊಟ್ಟಿದ್ದರು. ಕಿಟಕಿಯಾಚೆ ಮಂಜು. ಫೋನು ಗಪ್‌ಚಿಪ್. ಮಗಳದು ಗೊರಕೆ. ಹಲ್ಲಮ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದಳು.

ಗಣಿಯ ದಂಡೆಯಲ್ಲಿ ಮುಕ್ಕಾಲಿ ಊರಿ, ರಸಮಟ್ಟದ ಗುಳ್ಳೆಯನ್ನು ನಡುವೆ ತಂದು, ಕಾದಳು. ಮಂಜು ಗುಡ್ಡದ ತಲೆಯಿಂದ ಮೆಲ್ಲಗೆ ಜಾರುತ್ತ ಬಂದು ಬಂಡೆಯ ಅಂಚಿಗೆ ನಿಂತಿತು. ಕಂಬವಿಲ್ಲ, ತಂತಿಯಿಲ್ಲ. ಬಂಡೆ ಮಾತ್ರ ಕಪ್ಪಗೆ, ಒದ್ದೆಯಾಗಿ, ನೀರಿನ ಮೇಲೆ ತಲೆಕೆಳಗಾಗಿ ಇನ್ನೊಂದು ಬಂಡೆ. ಮೇಲೆ ಕವಿದ ಬಿಳಿಯನ್ನು ಅವಳು ಚೆನ್ನಾಗಿ ಬಲ್ಲಳು. ನೆತ್ತಿಯ ಹತ್ತಿರ ಚೂರು ಹಳದಿ, ಕೆಳಗೆ ಹಾಲು, ಬಂಡೆಗೆ ತಾಗುವ ತುದಿಯಲ್ಲಿ ಎಳೆಯ ಹಲ್ಲಿನ ಅಂಚಿನಲ್ಲಿರುತ್ತದಲ್ಲ, ಆ ನೀಲಿ. ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿದಿದ್ದಳು. ನಾಲ್ಕಾರು ಹಿಡಿದಳು, ಅದರಲ್ಲೊಂದು ಹೇಗೆ ಕೂತಿತ್ತೆಂದರೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡುತ್ತ ನೋಡುತ್ತ ಅವಳಿಗೆ ಕಾಲು ಒದ್ದೆಯಾದದ್ದೇ ತಿಳಿಯಲಿಲ್ಲ. ಇದಕ್ಕೆ ಆದರಜ್ಜ ಯಾವ ‘ಆದರೆ’ ಹುಡುಕುತ್ತಾರೋ ಹುಡುಕಲಿ!

ಮನೆಗೆ ಬಂದಾಗ ಗಡಿಬಿಡಿ. ನಾಟಕದಲ್ಲಿ ಪಿಟಿಪಿಟಿಗೆ ಮೋಡದ ಪಾತ್ರ. ತಲೆಗೆ ಹತ್ತಿ ಅಂಟಿಸಬೇಕು, ಅದಕ್ಕೆ ಮೊದಲು ತಲೆ ತೊಳೆಯಬೇಕು. ಕ್ಯಾಮೆರಾವನ್ನು ಊಟದ ಮೇಜಿನ ಮೇಲಿಟ್ಟು, ಒದ್ದೆ ಸಾಕ್ಸು ಕಿತ್ತೆಸೆದು, ಹಲ್ಲಮ್ಮ ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋದಳು. ಅಲ್ಲಿ ನೀರಿನ ಸದ್ದು, ಕಣ್ಣಿಗೆ ಸೋಪು ಹೋಯಿತೆಂದು ಮಗಳ ಕಿರುಚಾಟ.

ಹೊರಗಿನಿಂದ ಗಂಡ ಕೂಗಿದ: “ಏಯ್, ನಾಟಕ ನಿನ್ನ ಕ್ಯಾಮೆರಾದಲ್ಲೇ ವಿಡಿಯೋ ಮಾಡ್ತೀನಿ. ನನ್ನ ಫೋನಲ್ಲಾದ್ರೆ ನಡುವೆ ಲಿಫ್ಟಿನ ಕಾಲ್ ಬರುತ್ತೆ!”

“ಮಾಡಿ, ಮಾಡಿ!”

“ಕಾರ್ಡು ತುಂಬಿದೆ ಅಂತಿದೆ. ಇದರಲ್ಲಿರೋ ಫೋಟೋ ಎಲ್ಲ ತೆಗೆದಾಯ್ತಾ?”

“ಹೂಂ ರೀ, ತೆಗೆದೆ! ಇವತ್ತು ಎಲ್ಲಾ ಸಿಕ್ತು!”

“ಎಲ್ಲಾ ತೆಗೆದಿದೀಯ ತಾನೇ?”

“ತೆಗೆದಿದೀನಿ ಅಂದ್ನಲ್ಲ! ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ?”

ಹೆಂಡತಿ ಖುಷಿಯಾಗಿದ್ದಾಳೆ, ಬೆಳಗಿನ ಕೆಲಸ ಫಲಿಸಿದೆ ಎಂದು ಅವನಿಗೂ ಖುಷಿ. ಮೇಜಿನ ಮುಂದೆ ಕೂತು, ಅಚ್ಚುಕಟ್ಟಾಗಿ ಕಾರ್ಡನ್ನು ಖಾಲಿ ಮಾಡಿದ.

ಮೋಡ ಚೆನ್ನಾಗಿ ಆಡಿತು. ಹೇಳಿಕೊಟ್ಟದ್ದು ಒಂದೇ ಮಾತು, ಪಿಟಿಪಿಟಿ ಆರು ಮಾತು ಸೇರಿಸಿದಳು. ಸೂರ್ಯನಾಗಿದ್ದ ಹುಡುಗನನ್ನು ಬದಿಗೆ ತಳ್ಳಿ ನಡುವೆ ನಿಂತಳು. ಗಂಡ ಮೊದಲಿನಿಂದ ಕೊನೆಯ ಚಪ್ಪಾಳೆಯವರೆಗೆ ಕೈ ಅಲುಗಿಸದೆ ಹಿಡಿದ.

ಸಂಜೆ ಹಲ್ಲಮ್ಮ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ನಾಟಕ ಇತ್ತು. ನಾಟಕ ಮಾತ್ರ ಇತ್ತು. ಇನ್ನೊಮ್ಮೆ ಹಾಕಿದಳು. ಕಾರ್ಡನ್ನು ಸೆರಗಿನಂಚಿನಲ್ಲಿ ಒರೆಸುವಂತೆ ಶಾಲಿನ ತುದಿಯಲ್ಲಿ ಒರೆಸಿ ಮತ್ತೊಮ್ಮೆ ಹಾಕಿದಳು.

“ರೀ, ನನ್ನ ಫೋಟೋಗಳೆಲ್ಲಿ?”

“ಯಾವುದು?”

“ಬೆಳಗ್ಗೆ ತೆಗೆದದ್ದು!”

“ನೀನೇ ತೆಗೆದೆ ಅಂದ್ಯಲ್ಲ.”

“ಹೌದು, ತೆಗೆದೆ! ಎಲ್ಲಿ?”

“ಅದೇ ಕಣೇ, ಕಂಪ್ಯೂಟರಿಗೆ ತೆಗೆದಿಟ್ಕೊಂಡಿದೀಯ ಅಂತ ನಾನು ಕಾರ್ಡಿಂದ ತೆಗೆದೆ.”

“ನಾನು ತೆಗೆದೆ ಅಂದರೆ ತೆಗೆದೆ ಅಂತ ರೀ! ಗಣೀಲಿ! ಕ್ಯಾಮೆರಾದಲ್ಲಿ! ತೆಗೆದೆ!”

“ನಾನು ತೆಗೆದಾಯ್ತಾ ಅಂದರೆ ತೆಗೆದಾಯ್ತಾ ಅಂತ! ಒಳಗಿಂದ ಆಚೆಗೆ!”

ಇಬ್ಬರೂ ಒಂದೇ ಮಾತನ್ನು ಕೂಗುತ್ತ ಹೋದರು, ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುವ ತನಕ. ಗಂಡನ ಮುಖದ ಬಣ್ಣ ಇಳಿಯುವುದನ್ನು ಹಲ್ಲಮ್ಮ ನೋಡಿದಳು. ಆ ಊರಿನಲ್ಲಿ ಬೇರೆ ಯಾವ ಮನೆಯಲ್ಲೂ ಈ ತಪ್ಪು ಆಗುವುದು ಸಾಧ್ಯವಿರಲಿಲ್ಲ. ಪಕ್ಕದ ಮನೆಯವರಿಗೆ ಹಿಡಿಯುವುದಕ್ಕೆ ಒಂದು ಮಾತು, ಎತ್ತಿಡುವುದಕ್ಕೆ ಒಂದು ಮಾತು, ಅಳಿಸುವುದಕ್ಕೆ ಮತ್ತೊಂದು. ಇವರಿಗೆ ಮೂರಕ್ಕೂ ಒಂದೇ. ದಿನವೆಲ್ಲ ಪರಭಾಷೆಯಲ್ಲಿ ತಡವರಿಸಿ, ಮನೆಗೆ ಬಂದರೆ ಸಾಕು ಅರ್ಥವಾಗುತ್ತದೆ ಎಂದು ನಂಬಿಕೊಂಡಿದ್ದ ಭಾಷೆಯೇ ಕಾಲೆಳೆದಿತ್ತು.

ಅವಳು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಳಲು ಹೋದವಳಿಗೆ ಅಳುವೂ ಬರಲಿಲ್ಲ. ಬೆಳಗಿನ ಸೋಪಿನ ನೊರೆ ಗೋಡೆಯ ಮೇಲೆ ಒಣಗಿ ಕೂತಿತ್ತು, ಅದನ್ನೇ ಉಗುರಿನಲ್ಲಿ ಕೆರೆಯುತ್ತ ನಿಂತಳು.

ಸ್ವಲ್ಪ ಹೊತ್ತಿಗೆ ಗಂಡ ಬಾಗಿಲು ತಟ್ಟಿದ. “ಏಯ್, ಬಾಗಿಲು ತೆಗಿ.”

“ಯಾವ ತೆಗಿ?” ಎಂದು ಒಳಗಿನಿಂದ ಕೇಳಿತು ಅವಳ ದನಿ. “ಫೋಟೋ ತೆಗೀಲಾ, ಕಿತ್ತು ತೆಗೀಲಾ?”

ಪಿಟಿಪಿಟಿ, ಕೂದಲಿನಲ್ಲಿ ಹತ್ತಿಯ ಚೂರು ಉಳಿಸಿಕೊಂಡೇ, “ಅಮ್ಮಾ, ನನಗೆ ಒಂದಕ್ಕೆ!” ಎಂದು ಕೂಗಿದಾಗ ಹಲ್ಲಮ್ಮ ಚಿಲಕ ಸರಿಸಲೇಬೇಕಾಯಿತು. ತಾಯಿಯಾದವಳಿಗೆ ಸಿಟ್ಟಿನಲ್ಲಿ ಕೂರುವುದಕ್ಕೂ ಒಂದು ಪುರುಸೊತ್ತು ಸಿಗುವುದಿಲ್ಲ.

ಮರುದಿನ ಕಾರ್ಡನ್ನು ಕ್ಯಾಮೆರಾ ಅಂಗಡಿಗೆ ಗಂಡನೇ ಒಯ್ದ. ಅಂಗಡಿಯವನು ತನ್ನ ಯಂತ್ರಕ್ಕೆ ಹಾಕಿ ಅಳಿಸಿಹೋದದ್ದನ್ನೆಲ್ಲ ಎಬ್ಬಿಸಿ ಕೊಟ್ಟ. ಎದ್ದು ಬಂದವುಗಳನ್ನು ಹಲ್ಲಮ್ಮ ಒಂದೊಂದಾಗಿ ನೋಡಿದಳು. ಅವಳು ಬಸ್ಸಿನಲ್ಲಿ ಕೂತು ಬೇಡವೆಂದು ಅಳಿಸಿದ್ದ ಹಳೆಯವೆಲ್ಲ ಬಂದಿದ್ದವು, ಒಂದೂ ಬಿಡದೆ. ಕಂಬ ಹೊಳೆಯುವುದು, ಕಂಬ ಮಸುಕಾಗಿರುವುದು, ಕಂಬದ ಮೇಲೆ ಕಾಗೆ ಕೂತದ್ದು. ಆ ಬೆಳಗಿನವು ಮಾತ್ರ ಎದ್ದಿರಲಿಲ್ಲ; ಬೇಕಾಗಿದ್ದ ಒಂದು ಮೇಲಿನ ಪಟ್ಟಿಯಷ್ಟೇ ಬಂದಿತ್ತು, ಕೆಳಗೆಲ್ಲ ಬೂದು ಬಣ್ಣ. ಮೇಲಿನ ಪಟ್ಟಿಯಲ್ಲಿ ಏನಿತ್ತು? ಬರೀ ಬಿಳಿ. ಅದರ ಮೇಲೆ ನಾಟಕದ ವಿಡಿಯೋ ಬಂದು ಕೂತಿದೆ, ಇನ್ನು ಬರುವುದಿಲ್ಲ ಎಂದನಂತೆ ಅಂಗಡಿಯವನು. ಅಂದರೆ ಆ ಮಂಜನ್ನು ನುಂಗಿದ್ದು ಸ್ವಂತ ಮಗಳ ಮೋಡ.

ಅಕ್ಕ ಫೋನಿನಲ್ಲಿ ಸಮಾಧಾನ ಹೇಳಿದಳು. “ಯಾರೂ ಇಲ್ಲದ ಫೋಟೋ ತಾನೇ? ಹೋದರೆ ಹೋಗಲಿ ಬಿಡೇ. ಪಾಪು ನಾಟಕ ಉಳೀತಲ್ಲ.”

ಹಲ್ಲಮ್ಮ ಫೋನಿಟ್ಟು ಹಲ್ಲು ಕಡಿದಳು. ಅವರಿವರ ಹಲ್ಲು ಕಟ್ಟುವವಳು ತನ್ನ ಹಲ್ಲನ್ನೇ ಸವೆಸಿಕೊಳ್ಳುತ್ತಿದ್ದಳು.

ಆಮೇಲಿನ ದಿನಗಳಲ್ಲಿ ಗಂಡ ಹೆಚ್ಚು ಒಳ್ಳೆಯವನಾದ, ಅದು ಇನ್ನೂ ಕಿರಿಕಿರಿ. ಬೆಳಗ್ಗೆ ಅವಳಿಗಿಂತ ಮೊದಲೇ ಎದ್ದು ಕಿಟಕಿಯಲ್ಲಿ ನಿಂತು, “ಏಯ್ ಹಲ್ಲಮ್ಮ, ಮಂಜು! ಎದ್ದೇಳು!” ಎನ್ನುವನು. ಓಡಿ ಬಂದು ನೋಡಿದರೆ ಅದು ಕಿಟಕಿ ಗಾಜಿಗೆ ಅವನದೇ ಉಸಿರು ಕಟ್ಟಿದ್ದು. ಮನೆಯಲ್ಲಿ ‘ತೆಗೆ’ ಎಂಬ ಪದವನ್ನೇ ಅವನು ಬಿಟ್ಟುಬಿಟ್ಟ. ಬಾಗಿಲು ‘ಬಿಚ್ಚು’, ಪಾತ್ರೆ ‘ಎತ್ತು’, ಅಂಗಿ ‘ಕಳಚು’. ಒಂದು ದಿನ ಮಗಳಿಗೆ “ಬಾಯಿ ಬಿಚ್ಚು ಪುಟ್ಟಾ” ಎಂದು ತುತ್ತು ಹಿಡಿದು ಕೂತಿದ್ದ. ಅವಳು ನಗು ತಡೆದುಕೊಂಡಳು. ನಕ್ಕರೆ ಸಿಟ್ಟು ಮುಗಿದುಹೋಗುತ್ತದಲ್ಲ, ಅದು ಇಷ್ಟು ಬೇಗ ಮುಗಿಯುವುದು ಅವಳಿಗೆ ಇಷ್ಟವಿರಲಿಲ್ಲ.

ಮಂಜು ಮತ್ತೆ ಬರಲಿಲ್ಲ. ಬಂದರೂ ಆ ಬಗೆಯಲ್ಲಿ ಬರಲಿಲ್ಲ. ಫೋಟೋ ಕೊಡಲು ಕೊನೆಯ ದಿನ ಬಂತು. ಅಂದು ಬೆಳಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ. ಗಂಡನ ಫೋನು ಕೂಗಿತು. ಯಾವುದೋ ಆಫೀಸಿನ ಲಿಫ್ಟಿನಲ್ಲಿ ಸಫಾಯಿಯವರು ಸಿಕ್ಕಿಕೊಂಡಿದ್ದರು. ಅವನು ಅಪರಾಧಿಯಂತೆ ಮುಖ ಮಾಡಿ ಬಾಗಿಲಲ್ಲಿ ನಿಂತ.

“ಹೋಗಿ ರೀ. ನಾನು ಇವಳನ್ನೇ ಕರ್ಕೊಂಡು ಹೋಗ್ತೀನಿ.”

ನಿದ್ದೆಗಣ್ಣಿನ ಪಿಟಿಪಿಟಿಗೆ ಎರಡು ಸ್ವೆಟರ್ ಹಾಕಿ, ಜೇಬಿಗೆ ಬಿಸ್ಕತ್ತು ತುರುಕಿ, ಬಸ್ಸು ಹತ್ತಿಸಿದಳು. ಗಣಿಯಲ್ಲಿ ಬೆಳಕು ಕಠಿಣವಾಗಿತ್ತು. ಕಂಬ ಎಂದಿನಂತೆ ಕಾಲಗಲಿಸಿ ನಿಂತಿತ್ತು, ನೀರಿನಲ್ಲಿ ಅದರ ಇನ್ನೊಂದು ಕಂಬ ತಲೆಕೆಳಗಾಗಿ. ಆಗಲಿ, ನೀರಾದರೂ ಕನ್ನಡಿಯ ಹಾಗಿದೆಯಲ್ಲ. ಮುಕ್ಕಾಲಿ ಊರಿದಳು, ಗುಳ್ಳೆಯನ್ನು ನಡುವೆ ತಂದಳು, ಉಸಿರು ಹಿಡಿದಳು.

ಡುಬಕ್!

“ಅಮ್ಮಾ ನೋಡು, ಕಲ್ಲು ಎಷ್ಟು ದೂರ ಹೋಯ್ತು!”

ಅಲೆ ವೃತ್ತವೃತ್ತವಾಗಿ ಹರಡಿತು. ನೀರಿನೊಳಗಿನ ಕಂಬ ತುಂಡುತುಂಡಾಗಿ ಎಲ್ಲೆಲ್ಲೋ ಹೋಯಿತು. ಅವಳ ಬೆರಳು ಆಗಲೇ ಗುಂಡಿ ಒತ್ತಿಯಾಗಿತ್ತು.

“ಸುಮ್ನಿರೋಕೆ ಏನು ರೋಗ ನಿನಗೆ? ನಿಂತ ಕಡೆ ನಿಲ್ಲೋಕಾಗಲ್ವಾ ಒಂದು ದಿನ?”

ದನಿ ಬಂಡೆಗೆ ಬಡಿದು ವಾಪಸು ಬಂತು. ತನ್ನ ಗದರಿಕೆ ತನಗೇ ಎರಡನೆಯ ಸಲ ಕೇಳಿಸಿ ಹಲ್ಲಮ್ಮನಿಗೆ ನಾಚಿಕೆಯಾಯಿತು. ಮಗಳ ತುಟಿ ನಡುಗಿ, ಗಂಗಾಭವಾನಿ ಶುರುವಾಯಿತು. ಕ್ಯಾಮೆರಾ ಬಿಟ್ಟು ಮಗಳನ್ನೆತ್ತಿಕೊಂಡಳು. ಬಿಸ್ಕತ್ತು ಮುಗಿದು, ಬಿಕ್ಕು ನಿಂತು, ನೀರು ಮತ್ತೆ ಶಾಂತವಾಗುವ ಹೊತ್ತಿಗೆ ಬೆಳಕು ಹಾಳಾಗಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಕೈಯಲ್ಲಿ ಉಳಿದದ್ದು ಆ ಒಂದು ಕದಡಿದ ಫೋಟೋ. ಅದು, ಇಲ್ಲವೇ ಏನೂ ಇಲ್ಲ. ಮಗಳನ್ನು ಶಾಲೆಗೆ ಬಿಟ್ಟು, ಲ್ಯಾಬಿಗೆ ಹೋಗುವ ದಾರಿಯಲ್ಲಿ ಲೈಬ್ರರಿಗೆ ಕೊಟ್ಟಳು. ಕೊಡುವ ಮೊದಲು ಅದನ್ನು ಕಂಪ್ಯೂಟರಿನಲ್ಲೂ, ಪೆನ್‌ಡ್ರೈವಿನಲ್ಲೂ ತುಂಬಿಟ್ಟು, ಗಂಡನ ಫೋನಿಗೂ ಕಳಿಸಿದ್ದಳು. ಯಾರಿಗೂ ಬೇಡದ ಫೋಟೋಕ್ಕೆ ಮೂರು ಕಡೆ ಕಾವಲು.

ಅದು ಆರಿಸಲ್ಪಟ್ಟಿತು. ಪ್ರದರ್ಶನದ ಮೊದಲ ಮಧ್ಯಾಹ್ನ ಹೋಗಿ ನೋಡಿದರೆ ಗೋಡೆಯ ತುತ್ತತುದಿಯಲ್ಲಿ, ಲಿಫ್ಟಿನ ಪಕ್ಕ ನೇತುಹಾಕಿದ್ದರು. ಕೆಳಗೆ ಅವಳ ಪೂರ್ತಿ ಹೆಸರು, ಒಂದಕ್ಷರ ತಪ್ಪಾಗಿ. ಅವಳು ಕೈ ಕಟ್ಟಿಕೊಂಡು ನಿಂತಳು. ಇದಲ್ಲ. ಇದು ಆ ಗಣಿಯಲ್ಲ. ಹೋಗಿ ಬರುವವರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು: ಸ್ವಾಮಿ, ನಾನು ಇದಕ್ಕಿಂತ ಚೆನ್ನಾಗಿ ನೋಡಿದ್ದೇನೆ, ಅದು ಇಲ್ಲಿಲ್ಲ.

ಆದರಜ್ಜ ಬಂದರು. ಭೂತಗನ್ನಡಿ ಹಿಡಿದು ಒಡೆದ ಕಂಬದ ಚೂರುಗಳನ್ನು ಒಂದೊಂದಾಗಿ ನೋಡಿದರು. “ಚೆನ್ನಾಗಿದೆ” ಎಂದರು. ಉಸಿರೆಳೆದುಕೊಂಡರು. ಹಲ್ಲಮ್ಮ ಕಾದಳು. ಮುಂದೇನೂ ಬರಲಿಲ್ಲ. ಅವರು ತಲೆಯಾಡಿಸಿ ಪಕ್ಕದ ಫೋಟೋಗೆ ಹೊರಟರು.

“ಆದರೆ?” ಎಂದು ಅವಳೇ ಕೇಳಿಬಿಟ್ಟಳು.

ಅಜ್ಜ ತಿರುಗಿ ನೋಡಿ, ಟೋಪಿ ಸರಿಮಾಡಿಕೊಂಡು, “ಆದರೆ ಇಲ್ಲ” ಎಂದರು.

ಇದಕ್ಕಾಗಿ ಅವಳು ಎರಡು ವರ್ಷ ಕಾದಿದ್ದಳು. ಬಂದದ್ದು ತಪ್ಪು ಫೋಟೋಗೆ. ಯಾರಿಗೋ ಮಾಡಿದ ಹಲ್ಲು ಇನ್ಯಾರದೋ ಬಾಯಿಗೆ ಸರಿಯಾಗಿ ಕೂತ ಹಾಗಾಯಿತು. ಸಂತೋಷಪಡಬೇಕೋ ವಾಪಸು ಕೇಳಬೇಕೋ ತಿಳಿಯಲಿಲ್ಲ. ಆ ಮಂಜನ್ನು ನೋಡಿದ್ದರೆ ಅಜ್ಜ ಇದಕ್ಕೆ ‘ಆದರೆ’ ಎನ್ನದೆ ಬಿಡುತ್ತಿದ್ದರೇ? ಅದನ್ನು ಅವರಿಗೆ ತೋರಿಸುವುದು ಹೇಗೆ? ಅವಳ ಕಣ್ಣಿನೊಳಗಿಂದ ತೆಗೆದು ಕೊಡುವುದಕ್ಕೆ ಬರುವುದಿಲ್ಲವಲ್ಲ.

ಅಷ್ಟರಲ್ಲಿ ಲೈಬ್ರರಿಯ ಲಿಫ್ಟು ಗುರ್ ಎಂದು ನಿಂತಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಸ್ವಲ್ಪ ಹೊತ್ತಿಗೆ ನೀಲಿ ಅಂಗಿಯ ರಿಪೇರಿಯವನು ಚೀಲ ಹೆಗಲಿಗೇರಿಸಿ ಬಂದ, ಹಿಂದೆಯೇ ಅವನ ಬೆರಳು ಹಿಡಿದುಕೊಂಡು ಪಿಟಿಪಿಟಿ. ಶಾಲೆಯಿಂದ ಕರೆದುಕೊಂಡು ನೇರ ಬಂದಿದ್ದ.

“ಏನ್ರೀ ಇದು!”

“ನಿನ್ನ ಪ್ರದರ್ಶನಕ್ಕೆ ಬರ್ತೀನಿ ಅಂದಿರಲಿಲ್ವಾ? ಬಂದೆ. ಡ್ಯೂಟಿ ಮೇಲೇ ಬಂದೆ.”

ಮಾತಾಡುತ್ತಲೇ ಅಭ್ಯಾಸಬಲದಿಂದ ಹಳದಿ ಬೋರ್ಡನ್ನು ಬಿಚ್ಚಿ, ‘ಲಿಫ್ಟ್ ಕೆಟ್ಟಿದೆ’ ಎಂಬುದು ಎಲ್ಲರಿಗೂ ಕಾಣುವ ಹಾಗೆ ಊರಿದ. ಊರಿದ್ದು ಹಲ್ಲಮ್ಮನ ಫೋಟೋಕ್ಕೆ ಸರಿಯಾಗಿ ಅಡ್ಡ. ಅವಳ ಹೆಸರೂ ಇಲ್ಲ, ಗಣಿಯೂ ಇಲ್ಲ. ಬೋರ್ಡಿನ ಮೇಲೆ ಕಂಬದ ತಲೆಯೊಂದು ಇಣುಕುತ್ತಿತ್ತು.

ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ನುಗ್ಗಿ ಬಂತು. ಕೈ ಚಾಚಿ, ಲೈಬ್ರರಿ ಎಂಬುದನ್ನೂ ಮರೆತು ಕೂಗಿದಳು: “ತೆಗೀರಿ ಅದನ್ನ!”

ಗಂಡ ಬೆಚ್ಚಿದ. ಅವನು ಎಷ್ಟೋ ದಿನದಿಂದ ಹೆದರಿಕೊಂಡಿದ್ದ ಪದ. ಈ ಸಲ ತಪ್ಪಬಾರದು ಎಂದು ಒಂದು ಗಳಿಗೆ ಯೋಚಿಸಿ, ಚೀಲ ಕೆಳಗಿಟ್ಟು, ಫೋನು ಹೊರಗೆಳೆದು, ನೆಟ್ಟಗೆ ಹಿಡಿದು, ಕ್ಲಿಕ್ಕೆನಿಸಿದ.

“ತೆಗೆದೆ” ಎಂದ.

ಪಿಟಿಪಿಟಿ ಕಿಸಕ್ಕನೆ ನಕ್ಕಳು. ಹಲ್ಲಮ್ಮ ಬೋರ್ಡನ್ನು ತಾನೇ ಎತ್ತಿ ಲಿಫ್ಟಿನ ಬಾಗಿಲಿಗೆ ಒರಗಿಸಿದಳು. ಗೋಡೆಯ ಮೇಲಿನ ಚೌಕಟ್ಟು ಬಲಕ್ಕೆ ಒಂದು ಚೂರು ಇಳಿದಿತ್ತು. ಗಂಡನ ಚೀಲದಿಂದ ಇನ್ನೊಂದು ರಸಮಟ್ಟ ಎತ್ತಿಕೊಂಡು, ಗುಳ್ಳೆ ನಡುವೆ ಬರುವ ತನಕ ಅದನ್ನು ಸರಿಮಾಡಿದಳು. ನಗಲಿಲ್ಲ.

ಸಂಜೆ ಅಕ್ಕನ ಫೋನು ಬಂತು. ಗಂಡ ಆಗಲೇ ಫೋಟೋ ಕಳಿಸಿದ್ದ: ಹಳದಿ ಬೋರ್ಡು, ಅದರ ಪಕ್ಕ ಕೈ ಚಾಚಿ ಬಾಯಿ ಪೂರ್ತಿ ತೆರೆದ ಹಲ್ಲಮ್ಮ, ಮೂಲೆಯಲ್ಲಿ ಮಗಳ ಅರ್ಧ ಮುಖ.

“ಈಗ ನೋಡು, ಇದು ಫೋಟೋ!” ಎಂದಳು ಅಕ್ಕ. “ನೀನಿದೀಯ, ಪಾಪು ಇದಾಳೆ. ಆದರೆ ಹಿಂದಗಡೆ ಅದೇನೇ, ಕಂಬದ ಥರ? ಅದನ್ನ ತೆಗೆಸಬಾರದಿತ್ತಾ?”